ಬೇಟೆಗಾರನ ಚೂರಿ ಎಷ್ಟುದ್ದ ಇರಬೇಕು?



ಬೇಟೆಗಾರ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸಿನಿಮಾದ ಬೇಟೆಗಾರ; ಸೊಂಟದಲ್ಲಿ ಮೊಳದುದ್ದದ ಚೂರಿ. ಅಮೆರಿಕದಲ್ಲಿ ಅದಕ್ಕೆ ಬೋವಿ ಚೂರಿ ಎನ್ನುತ್ತಾರೆ. 1827ರಲ್ಲಿ ಮಿಸಿಸಿಪ್ಪಿ ನದಿಯ ಮರಳದಿಣ್ಣೆಯ ಮೇಲೆ ನಡೆದ ಹೊಡೆದಾಟದಲ್ಲಿ ಜೇಮ್ಸ್ ಬೋವಿ ಎಂಬಾತ ಹಿಡಿದಿದ್ದ ಚೂರಿಯಿಂದ ಆ ಹೆಸರು ಹಬ್ಬಿತು. ಅಂದರೆ ಅದರ ಕೀರ್ತಿ ಹುಟ್ಟಿದ್ದು ಮನುಷ್ಯರ ಜಗಳದಲ್ಲಿ, ಜಿಂಕೆಯ ಬೇಟೆಯಲ್ಲಲ್ಲ.

ಈ ಭ್ರಮೆಯನ್ನು ಗೇಲಿ ಮಾಡಿದವನು ಪೆನ್ಸಿಲ್ವೇನಿಯದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್. ಬೂಟು ಹೊಲಿಯುವುದು ಅವನ ಕಸುಬು, ಕಾಡು ಅಲೆಯುವುದು ಹುಚ್ಚು. 'ನೆಸ್‌ಮಕ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವನು, 1884ರ 'ವುಡ್‌ಕ್ರಾಫ್ಟ್' ಪುಸ್ತಕದಲ್ಲಿ ಅಂಗಡಿಯ ದಪ್ಪ ಬೇಟೆಚೂರಿಗಳನ್ನು ತಳ್ಳಿಹಾಕಿದ. ಅವನ ಬಳಿ ಇದ್ದದ್ದು ತೆಳು ಅಲಗಿನ ಚೂರಿ, ಒಂದು ಪುಟ್ಟ ಕೊಡಲಿ, ಒಂದು ಮಡಚುವ ಚಾಕು.

ಅವನು ಹೇಳಿದ್ದು ಏಕೆ ಸರಿ? ಜಿಂಕೆ ಬಿದ್ದ ಮೇಲೆ ಮೈಯ ಬಿಸಿಯಿಂದ ಮಾಂಸ ಬೇಗ ಕೆಡುತ್ತದೆ. ಆದ್ದರಿಂದ ಅಲ್ಲಿಯೇ ಹೊಟ್ಟೆ ಸೀಳಿ ಕರುಳು ತೆಗೆಯಬೇಕು. ನಮ್ಮ ಮಲೆನಾಡಿನವರು ಹಸಿಗೆ ಮಾಡುವುದು ಎನ್ನುವ ಕೆಲಸದ ಮೊದಲ ಹಂತ ಇದು. ಇಲ್ಲಿ ಬಲಕ್ಕಿಂತ ಎಚ್ಚರ ಮುಖ್ಯ. ಚೂರಿಯ ತುದಿ ಕರುಳಿಗೋ ಮೂತ್ರಕೋಶಕ್ಕೋ ತಗುಲಿದರೆ ಒಳಗಿನ ಹೊಲಸು ಮಾಂಸಕ್ಕೆ ಹರಡುತ್ತದೆ. ಮೂರು-ನಾಲ್ಕು ಅಂಗುಲದ ಅಲಗಾದರೆ ತೋರುಬೆರಳನ್ನು ಬೆನ್ನಿನ ಮೇಲಿಟ್ಟು, ಕತ್ತಲೆಯ ಒಡಲೊಳಗೂ ತುದಿ ಎಲ್ಲಿದೆ ಎಂದು ಅಂದಾಜು ಮಾಡಬಹುದು. ಉದ್ದನೆಯ ಚೂರಿಯಲ್ಲಿ ಅದು ಕಷ್ಟ.

ಇನ್ನುಳಿದದ್ದು ಸಾಮಾನ್ಯ ವಿವೇಕ. ತುದಿ ತುಸು ಕೆಳಕ್ಕೆ ಬಾಗಿರಲಿ, ಚುಚ್ಚುವ ಭಯ ಕಡಿಮೆ. ಹಿಡಿ ರಕ್ತದಲ್ಲಿ ನೆನೆದರೂ ಜಾರದಿರಲಿ. ಮಡಚುವ ಚಾಕುವಿನ ಸಂದಿಯಲ್ಲಿ ಕೊಬ್ಬು ಸೇರಿಕೊಳ್ಳುತ್ತದೆ. ಒರೆಯಲ್ಲಿಡುವ ಚೂರಿಯನ್ನು ತೊಳೆಯುವುದು ಸುಲಭ. ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಒರೆಸದಿದ್ದರೆ ತುಕ್ಕು ಹಿಡಿಯುತ್ತದೆ. ಮೊಂಡು ಚೂರಿಯೇ ಹೆಚ್ಚು ಅಪಾಯಕಾರಿ. ಒತ್ತಿದ ಕೈ ಜಾರಿ ತನ್ನನ್ನೇ ಕೊಯ್ದುಕೊಳ್ಳುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಜಿಂಕೆ ಬೇಟೆ ಅಪರಾಧ. ಕೊಡವರ ಸೊಂಟದ ಪೀಚೆಕತ್ತಿ ಇಂದು ಮದುವೆಮನೆಯ ಗೌರವ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ನಡೆಯುತ್ತದೆ. ಬೇಟೆಗೆ ಅನುಮತಿಯಿರುವ ನಾಡುಗಳಲ್ಲಿ ಮಾತ್ರ ಈ ಪ್ರಶ್ನೆ ಇಂದಿಗೂ ಜೀವಂತ. ಅಲ್ಲಿ ದೊಡ್ಡ ಚೂರಿ ಕೊಳ್ಳುವವನು ತನ್ನ ಶೌರ್ಯವನ್ನು ನೆನೆಯುತ್ತಾನೆ. ಸಣ್ಣದನ್ನು ಆರಿಸುವವನು ಸತ್ತ ಪ್ರಾಣಿಯನ್ನು ನೆನೆಯುತ್ತಾನೆ. ಕೊಂದ ಮೇಲೆ ಒಂದು ತುಂಡೂ ಹಾಳಾಗಬಾರದು. ಅಷ್ಟಾದರೂ ಆ ಜೀವಕ್ಕೆ ಸಲ್ಲಬೇಕಾದ ಋಣ.