ನೀರಿಗಿಂತ ಮೊದಲು ಸುದ್ದಿ ಇಳಿಯಬೇಕು
(ಬೆಟ್ಟದ ನದಿಗಳ ನೆರೆ ಮತ್ತು ಮುನ್ನೆಚ್ಚರಿಕೆ ಕುರಿತ ಉಪನ್ಯಾಸದ ಬರಹರೂಪ)



ಬಯಲಿನ ನದಿಗೂ ಬೆಟ್ಟದ ನದಿಗೂ ಇರುವ ಮುಖ್ಯ ವ್ಯತ್ಯಾಸ ಕಾಲದ್ದು. ಹರಿಯಾಣದ ಹಥಿನಿಕುಂಡ ಬ್ಯಾರೇಜಿನಿಂದ ಬಿಟ್ಟ ಯಮುನೆಯ ನೀರು ದೆಹಲಿಯನ್ನು ಮುಟ್ಟಲು ಸುಮಾರು ಎರಡು ಮೂರು ದಿನಗಳು ಬೇಕು. ಆ ಅವಧಿಯಲ್ಲಿ ಲೆಕ್ಕ ಹಾಕಬಹುದು, ಡಂಗುರ ಸಾರಬಹುದು, ಜನರನ್ನು ಸಾಗಿಸಬಹುದು. ದೇಶದಲ್ಲಿ ನೆರೆ ಮುನ್ಸೂಚನೆಯ ಕಾರ್ಯ 1958ರಲ್ಲಿ ದೆಹಲಿಯ ಹಳೆಯ ರೈಲ್ವೆ ಸೇತುವೆಯ ಬಳಿ ಆರಂಭವಾದದ್ದು ಇದೇ ತತ್ತ್ವದ ಮೇಲೆ. ಬೆಟ್ಟದ ನದಿ ಇಷ್ಟು ಕಾಲಾವಕಾಶ ಕೊಡುವುದಿಲ್ಲ. ಕಣಿವೆ ಕಿರಿದು, ಇಳಿಜಾರು ಕಡಿದು. ನೆತ್ತಿಯಲ್ಲಿ ಬಿದ್ದ ಮಳೆ ಕೆಲವೇ ಗಂಟೆಗಳಲ್ಲಿ ಅಂಗಳಕ್ಕೆ ಬರುತ್ತದೆ. ಹೀಗಿರುವಲ್ಲಿ ನೀರಿನ ಮಟ್ಟ ಅಳೆಯುವುದರಿಂದ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರವನ್ನು ಗಢವಾಲದ ಅಲಕನಂದಾ ಕಣಿವೆ ಒಂದೂಕಾಲು ಶತಮಾನಕ್ಕೂ ಹಿಂದೆಯೇ ಕೊಟ್ಟಿದೆ.

1893ರ ಸೆಪ್ಟೆಂಬರಿನಲ್ಲಿ ಗೋಹನಾ ಎಂಬ ಹಳ್ಳಿಯ ಬಳಿ ಬೆಟ್ಟವೊಂದು ಕುಸಿದು, ಅಲಕನಂದೆಯ ಉಪನದಿಯಾದ ಬಿರಹಿ ಗಂಗೆಗೆ ಅಡ್ಡಲಾಗಿ ಸುಮಾರು 900 ಅಡಿ ಎತ್ತರದ ಒಡ್ಡು ಬಿದ್ದಿತು. ಹಿಂದೆ ಸರೋವರ ಬೆಳೆಯತೊಡಗಿತು. ಒಡ್ಡು ಒಂದು ದಿನ ಒಡೆಯುವುದು ಖಚಿತವಾಗಿತ್ತು. ಅದನ್ನು ತಡೆಯುವ ಉಪಾಯ ಯಾರ ಬಳಿಯೂ ಇರಲಿಲ್ಲ. ಸ್ಥಳವನ್ನು ಪರಿಶೀಲಿಸಿದ ಎಂಜಿನಿಯರ್ ಪುಲ್‌ಫರ್ಡ್, ನೀರು ಒಡ್ಡಿನ ನೆತ್ತಿಗೇರುವುದು ಮುಂದಿನ ವರ್ಷದ ಆಗಸ್ಟ್ ತಿಂಗಳಲ್ಲಿ ಎಂದು ಲೆಕ್ಕ ಹಾಕಿದರು.

ಸಿಕ್ಕಿದ ಆ ಕಾಲ ವ್ಯರ್ಥವಾಗಲಿಲ್ಲ. ಸರೋವರದ ದಡದಲ್ಲಿ ಅಧಿಕಾರಿಯೊಬ್ಬರನ್ನು ನೆಲೆಗೊಳಿಸಿ ಮಟ್ಟದ ಏರಿಕೆಯನ್ನು ದಾಖಲಿಸಲಾಯಿತು. ಗೋಹನಾದಿಂದ ಹರಿದ್ವಾರದವರೆಗೆ ತಂತಿ ಎಳೆಯಲಾಯಿತು. ತೂಗುಸೇತುವೆಗಳನ್ನು ಕಳಚಿಡಲಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಕಣಿವೆಯುದ್ದಕ್ಕೂ ಇಳಿಜಾರಿನಲ್ಲಿ ಕಲ್ಲುಗಂಬಗಳನ್ನು ಕಟ್ಟಿ, ನೆರೆ ಬಂದಾಗ ಈ ಗುರುತಿಗಿಂತ ಮೇಲಿರಬೇಕೆಂದು ಜನರಿಗೆ ತಿಳಿಹೇಳಲಾಯಿತು. 1894ರ ಆಗಸ್ಟ್ 25ರ ಬೆಳಿಗ್ಗೆ ನೀರು ಒಡ್ಡಿನ ಮೇಲೆ ಹರಿಯತೊಡಗಿ, ನಡುರಾತ್ರಿಯ ಹೊತ್ತಿಗೆ ಒಡ್ಡು ಒಡೆಯಿತು. ಸರೋವರ 390 ಅಡಿ ಇಳಿಯಿತು. ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ಆದರೆ ಜೀವ ಕಳೆದುಕೊಂಡವರು ಐವರು ಮಾತ್ರ: ಹೊರಗೆ ಕಳುಹಿಸಿದ್ದರೂ ಒಡ್ಡಿನ ಕೆಳಗಿನ ತಮ್ಮ ನೆಲೆಗೆ ಮರಳಿದ್ದ ಒಬ್ಬ ಫಕೀರ ಮತ್ತು ಆತನ ಕುಟುಂಬದವರು.

ಇಲ್ಲಿ ಯಂತ್ರ ದೊಡ್ಡದಿರಲಿಲ್ಲ. ಒಂದು ಅಳತೆ, ಒಂದು ತಂತಿ, ಒಂದು ಕಲ್ಲುಗಂಬ. ಮೇಲೆ ನೋಡುವವರು, ನಡುವೆ ಸುದ್ದಿ ಒಯ್ಯುವ ದಾರಿ, ಕೆಳಗೆ ಎಲ್ಲಿ ನಿಲ್ಲಬೇಕೆಂದು ಮೊದಲೇ ತಿಳಿದ ಜನ. ಈ ಮೂರರಲ್ಲಿ ಒಂದು ಕಡಿದರೂ ಉಳಿದೆರಡು ನಿಷ್ಫಲ.

ಹೇಗೆ ಕಡಿಯುತ್ತದೆ ಎಂಬುದನ್ನೂ ಅದೇ ಕಣಿವೆ ತೋರಿಸಿತು. ಗೋಹನಾದಲ್ಲಿ ಉಳಿದಿದ್ದ ಸರೋವರ 1970ರ ಜುಲೈ 20ರ ಮಹಾಮಳೆಯಲ್ಲಿ ಒಡೆಯಿತು. ಬೇಲಾಕುಚಿ ಎಂಬ ಊರು ಕೊಚ್ಚಿಹೋಯಿತು. ಹೂಳು ಹರಿದ್ವಾರದ ಕಾಲುವೆಯನ್ನು ತುಂಬಿತು. ಪರಿಹಾರಕ್ಕೆ ಹೋದ ಚಂಡೀಪ್ರಸಾದ ಭಟ್ಟರ ಬಳಗವು ಮೇಲಿನ ಇಳಿಜಾರುಗಳಲ್ಲಿ ನಡೆದ ಮರಕಡಿತಕ್ಕೂ ಕೆಳಗಿನ ನೆರೆಗೂ ಇರುವ ಸಂಬಂಧವನ್ನು ಗುರುತಿಸಿತು. 1973ರಲ್ಲಿ ಮೊದಲಾದ ಚಿಪ್ಕೋ ಚಳವಳಿಯ ಬೇರು ಈ ನೆರೆಯಲ್ಲಿದೆ. ಅದರ ಪ್ರೇರಣೆಯೇ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯಲ್ಲಿ ಅಪ್ಪಿಕೋ ಆಗಿ ಚಿಗುರಿತು. 1974ರಲ್ಲಿ ಗೌರಾದೇವಿಯವರ ನೇತೃತ್ವದಲ್ಲಿ ಮಹಿಳೆಯರು ಮರಗಳನ್ನು ರಕ್ಷಿಸಿದ ರೈಣಿ ಗ್ರಾಮದ ಬಳಿಯೇ 2021ರ ಫೆಬ್ರುವರಿ 7ರಂದು ಬಂಡೆ ಮತ್ತು ಹಿಮದ ರಾಶಿ ಕುಸಿದು ಋಷಿಗಂಗೆಯಲ್ಲಿ ಪ್ರವಾಹವಾಗಿ ಇಳಿಯಿತು. ಸತ್ತವರು ಮತ್ತು ಕಾಣೆಯಾದವರು 200ಕ್ಕೂ ಹೆಚ್ಚು. ಬಹುಪಾಲು ಜನ ಜಲವಿದ್ಯುತ್ ಯೋಜನೆಗಳ ಕಾರ್ಮಿಕರು. ಮಟ್ಟ ಏರಿದೊಡನೆ ಕೂಗುವ ಎಚ್ಚರಿಕೆ ಯಂತ್ರ ಅಲ್ಲಿಗೆ ಬಂದದ್ದು ದುರಂತದ ನಂತರ.

ಸಹ್ಯಾದ್ರಿಯಲ್ಲಿ ಹಿಮವಿಲ್ಲ, ಮಳೆಯಿದೆ, ಸಡಿಲಗೊಂಡ ಮಣ್ಣಿದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕೊಡಗು ಕಂಡದ್ದು ಕುಸಿತ ಮತ್ತು ನೆರೆ ಜೊತೆಯಾಗಿ ಬಂದ ರೂಪವನ್ನು. ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ 2024ರ ಜುಲೈ 30ರ ನಸುಕಿನಲ್ಲಿ ಬೆಟ್ಟ ಹೊಳೆಯಾಗಿ ಇಳಿಯುವ ಮೊದಲು, 48 ಗಂಟೆಗಳಲ್ಲಿ 572 ಮಿ.ಮೀ. ಮಳೆ ಸುರಿದಿತ್ತು. ಜಿಲ್ಲೆಯಾದ್ಯಂತ ಮಳೆಮಾಪಕಗಳ ಜಾಲ ಇಟ್ಟುಕೊಂಡಿರುವ ಕಲ್ಪೆಟ್ಟಾದ ಹ್ಯೂಮ್ ಕೇಂದ್ರವು, ಹಿಂದಿನ ದಿನವೇ ಆಡಳಿತಕ್ಕೆ ಎಚ್ಚರಿಕೆ ನೀಡಿದ್ದಾಗಿ ಅನಂತರ ತಿಳಿಸಿತು. ಅಳತೆ ಇತ್ತು, ಅದು ಮಲಗಿದ್ದ ಮನೆಗಳ ಬಾಗಿಲು ತಟ್ಟಲಿಲ್ಲ.

ಆದುದರಿಂದ ಬೆಟ್ಟದ ಹೊಳೆಯನ್ನು ಓದುವ ಕ್ರಮ ಬೇರೆಯೇ ಆಗಬೇಕು. ಮೊದಲನೆಯದಾಗಿ, ಹೊಳೆಗಿಂತ ಮುಂಚೆ ಮಳೆಯನ್ನು ಅಳೆಯಬೇಕು. ಕೊಡಗಿನ ಅನೇಕ ಕಾಫಿ ತೋಟಗಳಲ್ಲಿ ಇಂಚು, ಸೆಂಟುಗಳಲ್ಲಿ ಬರೆದಿಟ್ಟ ದಶಕಗಳ ಮಳೆಲೆಕ್ಕವಿದೆ. ಆ ಪುಸ್ತಕಗಳು ಕಪಾಟಿನಿಂದ ಹೊರಬಂದು ಊರಿನ ಆಸ್ತಿಯಾಗಬೇಕು. ಒಂದು ದಿನದ ಮಳೆಯಷ್ಟೇ ಸಾಲದು. ಹಿಂದಿನ ದಿನಗಳ ಮಳೆಯಿಂದ ನೆಲ ಎಷ್ಟು ಕುಡಿದಿದೆ ಎಂಬುದೂ ಮುಖ್ಯ. ಎರಡನೆಯದಾಗಿ, ಸೇತುವೆಯ ಕಂಬಕ್ಕೆ ಅಡಿಗಳ ಗೆರೆ ಎಳೆದು, ಭಾರಿ ಮಳೆಯಲ್ಲಿ ಗಂಟೆಗೊಮ್ಮೆ ಬರೆದಿಡಬೇಕು. ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬೇಗ ಏರುತ್ತಿದೆ ಎಂಬುದು ದೊಡ್ಡ ಸುಳಿವು. ಮೂರನೆಯದಾಗಿ, ಸುರಿಮಳೆಯ ನಡುವೆ ಹೊಳೆ ಹಠಾತ್ತನೆ ಇಳಿದರೆ ನೆಮ್ಮದಿಪಡಬಾರದು. ಮೇಲೆಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟಿಕೊಂಡಿರಬಹುದು. ಬೇರುಸಹಿತ ತೇಲಿಬರುವ ಮರಗಳು, ಒಮ್ಮೆಲೇ ಕೆಸರಾಗುವ ನೀರು ಇವೂ ಅದೇ ಜಾತಿಯ ಸೂಚನೆಗಳು. ಆಗ ಮೀನು ಹಿಡಿಯಲು, ಕಟ್ಟಿಗೆ ಎಳೆಯಲು ಹೊಳೆಗಿಳಿಯುವುದು ಸಾವಿನ ದಾರಿ.

ಇದಾವುದಕ್ಕೂ ಪಟ್ಟಣದ ಅಪ್ಪಣೆ ಬೇಕಿಲ್ಲ. ಮೇಲಿನ ಊರಿನ ಶಾಲೆ ಕೆಳಗಿನ ಊರಿನ ಶಾಲೆಗೆ ಲೆಕ್ಕ ತಿಳಿಸಬಹುದು. ಹಿಂದಿನ ನೆರೆಗಳು ಮುಟ್ಟಿದ ಎತ್ತರವನ್ನು ಹಿರಿಯರಿಂದ ಕೇಳಿ ಗೋಡೆಗಳ ಮೇಲೆ ವರ್ಷಸಹಿತ ಗುರುತಿಸಬಹುದು. ಬೆಟ್ಟದ ಮಳೆಗೆ ಮೊದಲು ಕೈಕೊಡುವುದು ವಿದ್ಯುತ್ತು, ಬಳಿಕ ದೂರವಾಣಿ. ಆದ್ದರಿಂದ ಗಂಟೆ, ಜಾಗಟೆ, ಓಡಬಲ್ಲ ಇಬ್ಬರು ಯುವಕರು, ಇವುಗಳ ಏರ್ಪಾಟೂ ಇರಬೇಕು. ಸರ್ಕಾರದ ಹೊಣೆ ಇದರಿಂದ ಕಡಿಮೆಯಾಗದು: ಮಾಪನ ಕೇಂದ್ರಗಳನ್ನು ಸುಸ್ಥಿತಿಯಲ್ಲಿಡುವುದು, ಅಣೆಕಟ್ಟೆಯ ನೀರು ಬಿಡುವ ಮುನ್ನ ಕೆಳಗಿನ ಹಳ್ಳಿಗಳಿಗೆ ತಿಳಿಸುವುದು, ಇಳಿಜಾರುಗಳನ್ನು ಕಡಿದು ರಸ್ತೆ, ವಸತಿಗೃಹಗಳನ್ನು ಎಬ್ಬಿಸುವುದನ್ನು ತಡೆಯುವುದು ಅದರ ಕರ್ತವ್ಯ. ಊರಿನ ಕೈಯಲ್ಲಿ ಲೆಕ್ಕದ ಪುಸ್ತಕವಿದ್ದರೆ ಆ ಕರ್ತವ್ಯವನ್ನು ಕೇಳುವ ದನಿಗೂ ಬಲ ಬರುತ್ತದೆ.

ಮುಂಗಾರಿಗೆ ಮುನ್ನ ಪ್ರತಿ ಹೊಳೆಯ ದಡದ ಊರು ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಮೇಲೆ ನೋಡುತ್ತಿರುವವರು ಯಾರು? ಸುದ್ದಿ ಯಾವ ದಾರಿಯಲ್ಲಿ ಬರುತ್ತದೆ? ನಡುರಾತ್ರಿಯಲ್ಲಿ ಎಲ್ಲಿಗೆ ಏರಬೇಕೆಂಬುದು ಮನೆಯ ಮಗುವಿಗೂ ತಿಳಿದಿದೆಯೇ?