ಮಿತಿ ಮೀರಿದ ಉಳಿತಾಯ: ಲೆಕ್ಕ ಇಡಬೇಕಾದವರು ಯಾರು?



ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಮಳೆ ಬಂದಾಗ ಕೆರೆಯಲ್ಲಿ ನೀರು ಹಿಡಿದಿಟ್ಟು ಬೇಸಿಗೆಗೆ ಉಳಿಸಿಕೊಳ್ಳುವುದು ಇಲ್ಲಿಯವರಿಗೆ ತಲೆತಲಾಂತರದಿಂದ ಬಂದ ಅಭ್ಯಾಸ. ಹಣದ ವಿಷಯವೂ ಹಾಗೆಯೇ. ಶ್ರೀನಿವಾಸಪುರದ ಮಾವು, ಕೋಲಾರದ ಟೊಮ್ಯಾಟೊ, ಮುಳಬಾಗಿಲಿನ ರೇಷ್ಮೆ ಮತ್ತು ಹಾಲು, ಮಾಲೂರಿನ ಕಾರ್ಖಾನೆಯ ಸಂಬಳ, ಯಾವುದರಿಂದ ನಾಲ್ಕು ಕಾಸು ಬಂದರೂ ಒಂದು ಪಾಲನ್ನು ಕಾಯಿಲೆ ಕಸಾಲೆಗೆಂದು ತೆಗೆದಿಡುವ ಮನೆಗಳು ಇಲ್ಲಿ ಬಹಳ. ಆ ಪಾಲು ಹೋಗಿ ಸೇರುವ ಜಾಗಗಳಲ್ಲಿ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ನಾವೆಲ್ಲ ಪಿ.ಪಿ.ಎಫ್. ಎನ್ನುವ ಖಾತೆ, ಮುಖ್ಯವಾದದ್ದು.

1968ರಲ್ಲಿ ಆರಂಭವಾದ ಈ ಯೋಜನೆಯ ಅವಧಿ 15 ವರ್ಷ. ಈಗ ಜಾರಿಯಲ್ಲಿರುವುದು 2019ರ ನಿಯಮಾವಳಿ. ಐದು ವರ್ಷ ಕಳೆದ ಮೇಲೆ ಖಾತೆದಾರರಿಗೋ, ಅವರ ಪತಿ ಅಥವಾ ಪತ್ನಿಗೋ, ಅವಲಂಬಿತ ಮಕ್ಕಳಿಗೋ, ತಂದೆ ತಾಯಿಗೋ ಪ್ರಾಣಾಪಾಯದ ಕಾಯಿಲೆ ಬಂದರೆ, ಬಡ್ಡಿಯಲ್ಲಿ ಶೇಕಡ 1ರಷ್ಟು ಬಿಟ್ಟುಕೊಟ್ಟು ಖಾತೆಯನ್ನು ಮೊದಲೇ ಮುಚ್ಚಿ ಹಣ ಪಡೆಯಬಹುದು. ನ್ಯಾಯಾಲಯದ ಜಪ್ತಿಗೂ ಈ ಹಣ ಸಿಕ್ಕುವುದಿಲ್ಲ. ಕಷ್ಟಕಾಲಕ್ಕೆ ಇಂಥ ಹಣ ನಿಜಕ್ಕೂ ಆಸರೆ.

ಆದರೆ ಇದಕ್ಕೆ ಒಂದು ಮಿತಿಯಿದೆ. 2014ರಿಂದ ವರ್ಷಕ್ಕೆ 1,50,000 ರೂಪಾಯಿಗಿಂತ ಹೆಚ್ಚು ಕಟ್ಟುವಂತಿಲ್ಲ. ಒಬ್ಬರಿಗೆ ಒಂದೇ ಖಾತೆ. ಬಹಳ ಜನ ಗಮನಿಸದ ಮಾತೆಂದರೆ, ನಿಮ್ಮ ಖಾತೆಗೆ ಕಟ್ಟಿದ್ದು ಮತ್ತು ನೀವು ಪೋಷಕರಾಗಿ ಮಗುವಿನ ಹೆಸರಿನ ಖಾತೆಗೆ ಕಟ್ಟಿದ್ದು, ಎರಡೂ ಸೇರಿಯೇ ಈ ಮಿತಿ.

ಒಂದು ಉದಾಹರಣೆ ನೋಡೋಣ. ಮುಳಬಾಗಿಲಿನ ಒಬ್ಬ ತಾಯಿ ತನ್ನ ಖಾತೆಗೆ ಬ್ಯಾಂಕಿನಲ್ಲಿ ವರ್ಷಕ್ಕೆ ಒಂದು ಲಕ್ಷ, ಮಗನ ಖಾತೆಗೆ ಅಂಚೆ ಕಚೇರಿಯಲ್ಲಿ ಇನ್ನೊಂದು ಲಕ್ಷ ಕಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಬ್ಯಾಂಕಿನ ಕಂಪ್ಯೂಟರಿಗೆ ಕಾಣುವುದು ಒಂದು ಲಕ್ಷ, ಅಂಚೆ ಕಚೇರಿಗೆ ಕಾಣುವುದೂ ಒಂದು ಲಕ್ಷ. ಎರಡು ಕಡೆಯೂ ಲೆಕ್ಕ ಸರಿಯಾಗಿದೆ. ಆದರೆ ತಾಯಿಯ ಲೆಕ್ಕದಲ್ಲಿ ವರ್ಷಕ್ಕೆ 50,000 ರೂಪಾಯಿ ಹೆಚ್ಚಾಗಿದೆ. ಹೆಚ್ಚುವರಿ ಹಣಕ್ಕೆ ಬಡ್ಡಿಯಿಲ್ಲ, ಅಸಲು ಮಾತ್ರ ವಾಪಸು. ಹತ್ತು ವರ್ಷ ಹೀಗೇ ನಡೆದರೆ, ಶೇಕಡ 7.1ರ ದರದಲ್ಲಿ ಅವರು ಬಂದೀತೆಂದು ನಂಬಿ ಕೂತ ಬಡ್ಡಿಯಲ್ಲಿ ಸುಮಾರು 2 ಲಕ್ಷ 43 ಸಾವಿರ ಇಲ್ಲವಾಗುತ್ತದೆ. ಆಸ್ಪತ್ರೆಯವರು ಮುಂಗಡ ಕಟ್ಟಿ ಎಂದ ದಿನ ಇದು ತಿಳಿದರೆ ಆ ಮನೆಯ ಗತಿಯೇನು?

ಹಾಗಾದರೆ ತಪ್ಪು ಯಾರದು? ಬ್ಯಾಂಕಿನವರು ನೋಡಬೇಡವೇ ಎಂದು ಕೇಳುವುದು ಸಹಜ. ಒಂದೇ ಖಾತೆಗೆ ಮಿತಿ ಮೀರಿದ ಹಣ ಬಂದರೆ ತಡೆಯುವುದು ಅವರ ಕೆಲಸವೇ. ಆದರೆ ಬೇರೆ ಕಡೆಯ ಖಾತೆ ಅವರ ಕಣ್ಣಿಗೆ ಬೀಳುವುದಿಲ್ಲ. ನಮ್ಮ ನೀರುಗಂಟಿಯನ್ನು ನೆನೆಯಿರಿ. ತನ್ನ ಕೆರೆಯ ತೂಬು, ಕೋಡಿ ಅವನ ಹೊಣೆ. ಪಕ್ಕದೂರಿನ ಕೆರೆಗೆ ನೀವು ಎಷ್ಟು ನೀರು ತಿರುಗಿಸಿದಿರಿ ಎಂಬುದು ಅವನಿಗೆ ಗೊತ್ತಿಲ್ಲ. ಅದು ಗೊತ್ತಿರುವುದು ನಿಮಗೊಬ್ಬರಿಗೇ. ಖಾತೆ ತೆರೆಯುವಾಗ ನಿಯಮ ಪಾಲಿಸುತ್ತೇನೆಂದು ರುಜು ಹಾಕಿದವರೂ ನೀವೇ.

ಇದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಮಕ್ಕಳಲ್ಲಿ ಕೆಲವರು ಅಲ್ಲಿಯ ಹೆಲ್ತ್ ಸೇವಿಂಗ್ಸ್ ಅಕೌಂಟಿನಲ್ಲಿ ಚಿಕಿತ್ಸೆಗೆಂದೇ ಹಣ ಕೂಡಿಡುತ್ತಾರೆ. 2004ರಿಂದ ಇರುವ ಈ ಖಾತೆಗೆ 2025ರಲ್ಲಿ ಒಬ್ಬರಿಗೆ ಮಾತ್ರ ವಿಮೆಯಿದ್ದರೆ 4,300 ಡಾಲರ್, ಕುಟುಂಬಕ್ಕೆ ವಿಮೆಯಿದ್ದರೆ 8,550 ಡಾಲರ್ ಮಿತಿಯಿತ್ತು. 55 ದಾಟಿದವರಿಗೆ ಇನ್ನೂ 1,000 ಡಾಲರ್. ಅಲ್ಲಿಯ ಬ್ಯಾಂಕು ಕುಟುಂಬದ ಮಿತಿಗಿಂತ ಹೆಚ್ಚು ಹಣ ಸ್ವೀಕರಿಸಬಾರದು, ಅಷ್ಟೇ. ನಿಮ್ಮದು ಯಾವ ವಿಮೆ, ಬೇರೆ ಬ್ಯಾಂಕಿನಲ್ಲಿ ಎಷ್ಟು ಕಟ್ಟಿದ್ದೀರಿ ಎಂದು ಹುಡುಕುವ ಹೊಣೆ ಅದಕ್ಕಿಲ್ಲ. ಹೆಚ್ಚುವರಿ ಹಣವನ್ನು ಗಡುವಿನೊಳಗೆ ತೆಗೆಯದಿದ್ದರೆ, ಅದು ಅಲ್ಲಿರುವಷ್ಟು ವರ್ಷವೂ ಶೇಕಡ 6ರ ದಂಡ ತೆರಿಗೆ ಖಾತೆದಾರನ ಮೇಲೆ. ದೇಶ ಬೇರೆಯಾದರೂ ನೀತಿ ಒಂದೇ.

ನಮ್ಮ ಜಿಲ್ಲೆಯವರು ಇನ್ನೊಂದು ವಿಷಯವನ್ನೂ ನೋಡಿಕೊಳ್ಳಬೇಕು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋದವು. ಎಂದೋ ಎರಡು ಬ್ಯಾಂಕುಗಳಲ್ಲಿ ಒಂದೊಂದು ಪಿ.ಪಿ.ಎಫ್. ತೆರೆದು ಮರೆತವರ ಎರಡೂ ಪುಸ್ತಕ ಈಗ ಒಂದೇ ಬ್ಯಾಂಕಿನದಾಗಿರಬಹುದು. 2023ರಿಂದ ಸಣ್ಣ ಉಳಿತಾಯಕ್ಕೆ ಆಧಾರ್ ಮತ್ತು ಪ್ಯಾನ್ ಕಡ್ಡಾಯವಾದ ಮೇಲೆ ಎರಡು ಖಾತೆ ಮುಚ್ಚಿಡುವುದು ಸುಲಭವಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ ಇಂಥ ಖಾತೆಗಳನ್ನು ಸರಿಪಡಿಸುವ ದಾರಿ ಹೇಳಿದೆ. ಎರಡರಲ್ಲಿ ಒಂದನ್ನು ಮುಖ್ಯ ಖಾತೆಯೆಂದು ಆರಿಸಿಕೊಂಡರೆ, ವಾರ್ಷಿಕ ಮಿತಿಯೊಳಗಿನ ಹಣ ಅದರಲ್ಲಿ ಸೇರುತ್ತದೆ. ಮಿಕ್ಕದ್ದು ಬಡ್ಡಿಯಿಲ್ಲದೆ ಹಿಂದಿರುಗುತ್ತದೆ. ಮೂರನೆಯ ಖಾತೆಯಿದ್ದರೆ ಅದಕ್ಕೆ ತೆರೆದ ದಿನದಿಂದಲೇ ಬಡ್ಡಿಯಿಲ್ಲ. ಮೊಮ್ಮಗಳ ಮೇಲಿನ ಅಕ್ಕರೆಯಿಂದ ಅಜ್ಜ ಅಜ್ಜಿಯರು ತೆರೆದ ಸುಕನ್ಯಾ ಸಮೃದ್ಧಿ ಖಾತೆಯನ್ನೂ ತಂದೆ ತಾಯಿಯ ಅಥವಾ ಕಾನೂನುಬದ್ಧ ಪೋಷಕರ ಹೊಣೆಗೆ ವರ್ಗಾಯಿಸಬೇಕೆಂದು ಅದೇ ಆದೇಶ ಹೇಳುತ್ತದೆ.

ಹಾಗೆಂದು ಬ್ಯಾಂಕಿನವರ ಹೊಣೆ ಅಲ್ಲಿಗೆ ಮುಗಿಯಿತೆಂದು ನಾನು ಹೇಳಲಾರೆ. ಕೌಂಟರಿನ ಈಚೆ ನಿಂತವರಲ್ಲಿ ಹಲವರಿಗೆ ಆ ನಮೂನೆಯ ಸಣ್ಣಕ್ಷರ ಓದಲು ಬಾರದು. 'ಬೇರೆ ಕಡೆ ನಿಮಗೋ ಮಗುವಿಗೋ ಇಂಥ ಖಾತೆ ಇದೆಯೇ ಅಮ್ಮಾ?' ಎಂದು ಕನ್ನಡದಲ್ಲಿ, ಇಲ್ಲವೇ ಇಲ್ಲಿ ಮನೆಮಾತಾದ ತೆಲುಗಿನಲ್ಲಿ, ಒಂದು ಪ್ರಶ್ನೆ ಕೇಳಲು ನಿಯಮ ಅಡ್ಡ ಬರುವುದಿಲ್ಲ. ಆ ಒಂದು ಪ್ರಶ್ನೆ ಹತ್ತು ವರ್ಷದ ನಷ್ಟ ತಪ್ಪಿಸಬಲ್ಲದು.

ನಾವು ಮಾಡಬೇಕಾದದ್ದೂ ಕಷ್ಟದ್ದಲ್ಲ. ಮನೆಯ ಎಲ್ಲ ಪಾಸ್‌ಪುಸ್ತಕಗಳನ್ನು ಒಂದು ದಿನ ಮುಂದಿಟ್ಟುಕೊಂಡು, ಯಾರ ಹೆಸರಿನಲ್ಲಿ, ಎಲ್ಲಿ, ಈ ವರ್ಷ ಎಷ್ಟು ಕಟ್ಟಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಲೆಕ್ಕವನ್ನು ಮಾರ್ಚ್ ಮೊದಲ ವಾರದಲ್ಲೇ ಕೂಡಿ ನೋಡಿ. ಹೆಚ್ಚಾಗಿದ್ದರೆ ಬ್ಯಾಂಕಿಗೋ ಅಂಚೆ ಕಚೇರಿಗೋ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಡವಾದಷ್ಟೂ ನಷ್ಟ ನಿಮ್ಮದೇ. ಬ್ಯಾಂಕಿನ ಸೇವೆಯಲ್ಲಿ ಲೋಪವಾಗಿ, ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬಡ್ಸ್‌ಮನ್ ಬಳಿಗೆ ಹೋಗಬಹುದು.

ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಹಣ. ಅದು ಬೇಕಾದ ದಿನ ಪೂರ್ತಿಯಾಗಿ ಕೈಗೆ ಸಿಗಲಿ ಎಂಬುದಷ್ಟೇ ಈ ಮಾತಿನ ಉದ್ದೇಶ.