ಬಾರ್‌ಕೋಡ್ ಇದ್ರೆ ಸೀರೆ ಅಸಲಿನಾ?

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಒಂದು ರೌಂಡ್ ಹಾಕಿ, 'ಮೈಸೂರ್ ಸಿಲ್ಕ್' ಅನ್ನೋ ಬೋರ್ಡುಗಳನ್ನ ಎಣಿಸ್ತಾ ಹೋಗಿ. ಆನ್‌ಲೈನ್‌ನಲ್ಲಂತೂ ಕೇಳೋದೇ ಬೇಡ. ಅಮ್ಮನಿಗೆ ಅಂತ ಮೊದಲ ಸಂಬಳದಲ್ಲಿ ಸೀರೆ ಕೊಳ್ಳೋಕೆ ಹೋಗ್ತೀರಿ, ಡೌಟ್ ಬರುತ್ತೆ. "ಬಾರ್‌ಕೋಡ್ ಇದೆಯಲ್ಲ, ನೋಡಿ" ಅಂತಾರೆ. ನಂಬಬಹುದಾ?

ಬಾರ್‌ಕೋಡ್ ಬಂದಿದ್ದು ಬಿಲ್ ಬೇಗ ಆಗಲಿ, ಸ್ಟಾಕ್ ಲೆಕ್ಕ ಸಿಗಲಿ ಅಂತ. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಊರಿನ ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಚೂಯಿಂಗ್ ಗಮ್ ಪ್ಯಾಕ್ ಸ್ಕ್ಯಾನ್ ಆಯ್ತು. ಈಗ ಜಗತ್ತಿಗೆಲ್ಲ ಈ ನಂಬರ್ ಹಂಚೋದು ಜಿಎಸ್‌1 ಅನ್ನೋ ಸಂಸ್ಥೆ.

'890 ಇದ್ರೆ ಮೇಡ್ ಇನ್ ಇಂಡಿಯಾ' ಅನ್ನೋ ವಾಟ್ಸಾಪ್ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಅದು ತಪ್ಪು. 890 ಅಂದ್ರೆ ಆ ಕಂಪನಿ ಜಿಎಸ್‌1ನ ಭಾರತದ ಶಾಖೆಯಿಂದ ನಂಬರ್ ತಗೊಂಡಿದೆ, ಅಷ್ಟೇ. ಮಾಲು ಬೇರೆ ದೇಶದಲ್ಲಿ ತಯಾರಾಗಿರಬಹುದು.

ಇನ್ನೊಂದು ವಿಷಯ. ಒಂದೇ ಬ್ರ್ಯಾಂಡಿನ, ಒಂದೇ ಸೈಜಿನ ಸಾವಿರ ಸೋಪಿಗೂ ಬಾರ್‌ಕೋಡ್ ಒಂದೇ. ಇದು ಯಾವ ಮಾಲು ಅಂತ ಅದು ಹೇಳುತ್ತೆ. ನಿಮ್ಮ ಕೈಯಲ್ಲಿರೋ ಪೀಸು ಎಲ್ಲಿಂದ ಬಂತು ಅಂತ ಹೇಳಲ್ಲ. ಆ ಗೆರೆಗಳನ್ನ ಜೆರಾಕ್ಸ್ ಮಾಡಿ ನಕಲಿ ಡಬ್ಬಕ್ಕೆ ಅಂಟಿಸಿದ್ರೂ ಮೆಷಿನ್ 'ಪೀಂ' ಅನ್ನುತ್ತೆ.

ಅಸಲಿ ಯಾವುದು ಅಂತ ತಿಳಿಯೋಕೆ ಒಂದೊಂದು ಪೀಸಿಗೂ ಅದರದ್ದೇ ನಂಬರ್ ಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯನ್ನ ಇವತ್ತು ನಡೆಸ್ತಿರೋದು ಸರ್ಕಾರದ ಕೆಎಸ್‌ಐಸಿ. ಮೈಸೂರು ರೇಷ್ಮೆಗೆ ಜಿಐ ಟ್ಯಾಗ್ ಇದೆ. ಕೆಎಸ್‌ಐಸಿ ಸೀರೆಗೆ ಕೋಡ್ ನಂಬರ್ ಇರುತ್ತೆ, ಜೊತೆಗೆ ಹಾಲೋಗ್ರಾಂ.

ಆದ್ರೆ ನಂಬರ್ ಕೂಡ ಕದಿಯಬಹುದು. ಒಂದೇ ನಂಬರಿನ ಎರಡು ಸೀರೆ ಇದ್ರೆ, ಯಾರಾದ್ರೂ ಕೇಳಿ ತಾಳೆ ನೋಡಿದಾಗ ಮಾತ್ರ ಸಿಕ್ಕಿಬೀಳೋದು. ಹಾಗಾಗಿ ಕೆಎಸ್‌ಐಸಿ ಮಳಿಗೆಯಲ್ಲೇ ಕೊಳ್ಳಿ, ಬಿಲ್ ಇಟ್ಕೊಳ್ಳಿ.

ಸೀರೆಯಲ್ಲಿ ಮೋಸ ಹೋದ್ರೆ ದುಡ್ಡು ಹೋಗುತ್ತೆ. ಮಾತ್ರೆಯಲ್ಲಾದ್ರೆ ಜೀವಕ್ಕೇ ಕುತ್ತು. 2023ರ ಆಗಸ್ಟ್ 1ರಿಂದ ತಯಾರಾಗೋ 300 ಔಷಧ ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಅದರಲ್ಲಿ ತಯಾರಕರ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಡೇಟ್, ಲೈಸೆನ್ಸ್ ನಂಬರ್ ಎಲ್ಲ ಇರಬೇಕು. ಇವತ್ತು ಮನೆಗೆ ಹೋದ ಮೇಲೆ ಅಜ್ಜಿಯ ಬಿಪಿ ಮಾತ್ರೆ ತಗೊಳ್ಳಿ. ಕೋಡ್ ಇದ್ರೆ ಸ್ಕ್ಯಾನ್ ಮಾಡಿ, ಫೋನಿನಲ್ಲಿ ಬಂದ ಬ್ಯಾಚ್ ನಂಬರನ್ನ ಪ್ಯಾಕ್ ಮೇಲಿನದ್ದಕ್ಕೆ ಹೋಲಿಸಿ. ಹೊಂದಲಿಲ್ಲ ಅಂದ್ರೆ ಅಜ್ಜಿಗೆ ಕೊಡೋ ಮುಂಚೆ ಮೆಡಿಕಲ್ ಸ್ಟೋರ್‌ನವರನ್ನ ವಿಚಾರಿಸಿ.